ಬೆಣಚುಕಲ್ಲಿನ ಪರೀಕ್ಷೆ

ಆ ದಿನದ ದಿನಚರಿಯಲ್ಲಿ ಕೆಲವೇ ಸಾಲುಗಳಿವೆ. "ಹುಕ್ಕೇರಿ. ಮಧ್ಯಾಹ್ನ. ಕೋಣೆಯಲ್ಲಿ ಪೂರ್ಣ ಕತ್ತಲೆ. ಅಕ್ಕನನ್ನು ಹತ್ತು ಸಲ ಕೇಳಿದೆ. ಹತ್ತು ಸಲವೂ ಕಾಣುತ್ತದೆ ಎಂದಳು. ಅದರಲ್ಲಿ ಐದು ಸಲ ಬೆಳಕೇ ಇರಲಿಲ್ಲ. ಬಣ್ಣ ಕೇಳಿದರೆ ಬಿಳಿ ಅನ್ನುತ್ತಾಳೆ. ಎಡಗಣ್ಣಿನಲ್ಲೂ ಬೆಳಕು ಉಳಿದಿಲ್ಲವೆಂದು ತಿಳಿಯಬೇಕು."

ಅಕ್ಷರ ನನ್ನದೇ. ಅವಸರದಲ್ಲಿ ಬರೆದದ್ದಲ್ಲ, ಸಾಲುಗಳು ನೇರವಾಗಿವೆ, ಒಂದು ಪದವನ್ನೂ ಹೊಡೆದುಹಾಕಿಲ್ಲ. ನೆನಪನ್ನು ನಂಬಬಾರದೆಂದು ಇಪ್ಪತ್ತು ವರ್ಷದಿಂದ ದಿನಚರಿ ಇಟ್ಟುಕೊಂಡು ಬಂದವನು ನಾನು. ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ, ಕಾಗದ ಹಾಗೆ ಮಾಡುವುದಿಲ್ಲ ಎಂಬ ಭರವಸೆ ನನಗಿತ್ತು. ಬರೆಯುವ ಹೊತ್ತಿಗೇ ತಪ್ಪು ಕಂಡಿದ್ದರೆ ಕಾಗದ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ ಎಂಬುದು ಹೊಳೆದಿರಲಿಲ್ಲ. ಈಗ ಬರೆಯುತ್ತಿರುವುದು ಅದಕ್ಕಿಂತ ಸರಿಯಾಗಿದೆಯೆಂದು ಹೇಳಲಾರೆ. ಅಷ್ಟು ಹೇಳುವ ಶಕ್ತಿಯೂ ಈಗಿಲ್ಲ.

ಬೆಣಚುಕಲ್ಲು ನಮ್ಮ ಕಡೆ ಯಾರಿಗೂ ಹೊಸದಲ್ಲ. ಗೋಕಾಕದ ಸುತ್ತಿನ ಗುಡ್ಡಗಳಲ್ಲಿ, ಘಟಪ್ರಭೆಯ ದಂಡೆಯಲ್ಲಿ ಹಾಲಿನ ಗಡ್ಡೆಯಂತೆ ಬಿದ್ದಿರುತ್ತದೆ. ಎರಡು ತುಂಡುಗಳನ್ನು ಕತ್ತಲಲ್ಲಿ ಒಂದಕ್ಕೊಂದು ಬಲವಾಗಿ ತಿಕ್ಕಿದರೆ ಕಲ್ಲಿನ ಒಳಗೆ ಬೆಳಕು ಏಳುತ್ತದೆ. ಚಕಮಕಿಯ ಕಿಡಿ ಹೊರಗೆ ಹಾರಿ ಅರಳೆಗೆ ಹತ್ತಿಕೊಳ್ಳುತ್ತದೆ, ಇದು ಹಾರುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ, ಕೆಂಪು ಬೆರೆತ ಹಳದಿಯಾಗಿ ಒಳಗೇ ಮಿನುಗಿ ಒಳಗೇ ಆರುತ್ತದೆ. ಸ್ವಲ್ಪ ಸುಟ್ಟ ವಾಸನೆ ಬರುತ್ತದೆ. ಕಲ್ಲು ಮಾತ್ರ ತಣ್ಣಗೇ ಇರುತ್ತದೆ. ನೀರಿನಲ್ಲಿ ಮುಳುಗಿಸಿ ತಿಕ್ಕಿದರೂ ಬೆಳಕು ಬರುತ್ತದೆ.

ಇದನ್ನು ನನಗೆ ಮೊದಲು ತೋರಿಸಿದವಳು ಅಕ್ಕ ಎಂದು ನಾನು ಬಹಳ ವರ್ಷ ನಂಬಿದ್ದೆ. ಮೂಡಲಗಿಯ ನಮ್ಮ ಮನೆಯಲ್ಲಿ ಜೋಳ ತುಂಬುವ ಹಗೇವು ಇತ್ತು, ಅಂಗಳದ ನೆಲದಡಿ ತೋಡಿದ ಆಳವಾದ ಕಣಜ. ಬೇಸಿಗೆಯಲ್ಲಿ ಅದು ಬರಿದಾದಾಗ ಬಾಯಿ ತೆಗೆದು ಒಂದು ದಿನ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಆರುವುದಿಲ್ಲವೆಂದು ಖಾತ್ರಿಯಾದ ಮೇಲೆ ಗುಡಿಸಲು ಇಳಿಯುತ್ತಿದ್ದರು. ಒಳಗೆ ಹಾಡಹಗಲೇ ಅಂಗೈ ಕಾಣದಷ್ಟು ಕತ್ತಲೆ. ಅಲ್ಲಿ ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲ್ಲು ತಿಕ್ಕಿದ್ದು, ಆ ಬೆಳಕಿನಲ್ಲಿ ಅವಳ ಹೆಬ್ಬೆರಳು ಕಂಡದ್ದು, ಎಲ್ಲ ನನಗೆ ಸ್ಪಷ್ಟ. ಒಮ್ಮೆ ಅವಳ ಮುಂದೆ ಇದನ್ನು ಹೇಳಿದೆ. ಅವಳು ನಕ್ಕಳು. "ಹೆಣ್ಣುಮಕ್ಕಳನ್ನ ಹಗೇವಿನಾಗ ಯಾರು ಇಳಸ್ತಾರೋ ತಮ್ಮಾ? ನಾ ಒಂದ ದಿನಾನೂ ಇಳದಿಲ್ಲ. ಯಾರ ಹೆಬ್ಬಟ್ಟ ನೋಡಿ ಬಂದಿಯೋ ಏನೋ!" ಅಂದಿನಿಂದ ಆ ನೆನಪಿನ ಮೇಲೆ ನನಗೆ ಹಕ್ಕಿಲ್ಲ.

ಪುಣೆಯ ಕಾಲೇಜಿನಲ್ಲಿ ನಡೆದದ್ದು ಇಷ್ಟು ಅನುಮಾನದ್ದಲ್ಲ, ಯಾಕೆಂದರೆ ಅದು ದಿನಚರಿಯಲ್ಲಿದೆ. ಒಂದು ದಿನ ನಮ್ಮ ಪ್ರಾಧ್ಯಾಪಕರು ಕಿಟಕಿಗಳನ್ನು ಮುಚ್ಚಿಸಿ, ಕಪ್ಪು ಗಾಜಿನ ದೀಪವೊಂದನ್ನು ಹೊತ್ತಿಸಿದರು. ಅದರ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ. ಮೇಜಿನ ಮೇಲೆ ಸಿಲಿಕೇಟ್ ಖನಿಜಗಳ ಸಾಲು. ಸತುವಿನ ಸಿಲಿಕೇಟ್ ಎಳೆ ಜೋಳದ ಗರಿಯಂಥ ಹಸಿರಾಗಿ ಹೊತ್ತಿಕೊಂಡಿತು. ದೀಪ ಆರಿಸಿದರೆ ಕೆಲವು ಕೂಡಲೇ ಆರಿದವು, ಒಂದೆರಡು ತುಸು ಹೊತ್ತು ಮಿಣುಕುತ್ತ ಉಳಿದವು. ಸಾಲಿನ ಕೊನೆಯಲ್ಲಿದ್ದ ಬೆಣಚುಕಲ್ಲು ಮಾತ್ರ ದೀಪಕ್ಕೆ ಜಗ್ಗದೆ ಮಂಕಾಗಿ ಕೂತಿತ್ತು. ನನ್ನ ಊರಿನವನೊಬ್ಬನಿಗೆ ಅವಮಾನವಾದಂತೆ ಅನ್ನಿಸಿ ಎದ್ದು ನಿಂತು, "ಸರ್, ಅದು ತಿಕ್ಕಿದರೆ ಬೆಳಗುತ್ತದೆ" ಎಂದೆ. ಹುಡುಗರು ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ, ಎರಡು ತುಂಡು ಕೈಗಿತ್ತು ತೋರಿಸು ಎಂದರು. ತೋರಿಸಿದೆ. ಉಷ್ಣವಿಲ್ಲದ ಬೆಳಕು ಎಂದರೆ ಏನೆಂದು ಅವರು ಆಮೇಲೆ ಅರ್ಧ ಗಂಟೆ ವಿವರಿಸಿದರು. ನನ್ನ ಮಾತಿನ ಮೇಲೆ ಒಂದು ಪಾಠ ನಡೆದದ್ದು ಅದೊಂದೇ ಸಲ. ಗೋಕಾಕದಲ್ಲಿ ಮಾಸ್ತರನಾದ ಮೇಲೆ ಪ್ರತಿ ವರ್ಷ ಆ ಪಾಠವನ್ನು ನಾನೂ ಮಾಡುತ್ತ ಬಂದೆ. ವರ್ಷಕ್ಕೊಮ್ಮೆ ಹೊಳೆಯ ದಂಡೆಗೆ ಹೋಗಿ ಒಳ್ಳೆಯ ಕಲ್ಲು ಆರಿಸಿ ತರುತ್ತಿದ್ದೆ.

ಅಕ್ಕನನ್ನು ಹುಕ್ಕೇರಿಗೆ ಕೊಟ್ಟಿತ್ತು. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರದ ತುಂಡುಗಳನ್ನು ಕೂಡಿಸಿ ಅವಳು ಹಾಕುತ್ತಿದ್ದ ಹೊಲಿಗೆಯ ಸಾಲು ನನ್ನ ಬರವಣಿಗೆಗಿಂತ ನೇರ. ಐವತ್ತರ ಹೊತ್ತಿಗೆ ಬಲಗಣ್ಣಿಗೆ ಪೊರೆ ಬಂತು, ನಮ್ಮ ಕಡೆ ಮೋತಿಬಿಂದು ಅನ್ನುತ್ತಾರೆ. ಊರೂರು ತಿರುಗುವ ಒಬ್ಬ ಕಣ್ಣಿನ ವೈದ್ಯ ಬಂದು ಸೂಜಿಯಿಂದ ಪೊರೆಯನ್ನು ಒಳಕ್ಕೆ ತಳ್ಳಿದ. ಮೂರು ದಿನ ಎಲ್ಲ ಕಂಡಿತು. ನಾಲ್ಕನೆಯ ದಿನ ಕೀವು ಕಟ್ಟಿತು. ಆ ಕಣ್ಣು ಹೋಯಿತು, ವೈದ್ಯನೂ ಹೋಗಿಬಿಟ್ಟಿದ್ದ. ಎರಡು ವರ್ಷದ ಮೇಲೆ ಎಡಗಣ್ಣಿಗೂ ಪೊರೆ ಬೆಳೆಯಿತು. ನೋಡನೋಡುತ್ತ ಕಪ್ಪು ಗುಡ್ಡೆಯ ಜಾಗದಲ್ಲಿ ಸುಣ್ಣದ ಬೊಟ್ಟು ಇಟ್ಟಂತಾಯಿತು. ಸೂಜಿಗೆ ದಾರ ಪೋಣಿಸುವುದು ನಿಂತಿತು. ಬೆಳಿಗ್ಗೆ ಪೂಜೆಗೆ ಕೂತರೆ ಅಂಗೈಯಲ್ಲಿರುವ ಲಿಂಗ ಕಾಣದೆ ಹೆಬ್ಬೆರಳಿನಿಂದ ಸವರಿ ನೋಡಿಕೊಳ್ಳುತ್ತಿದ್ದಳು. ಅದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ.

ಗೋಕಾಕದ ಡಾಕ್ಟರರನ್ನು ಕೇಳಿದೆ. ಅವರು ಹೇಳಿದ್ದು ಸರಳವಾಗಿತ್ತು. "ಆ ಕಣ್ಣಿಗೆ ಬೆಳಕ ತಿಳಿಯೂದಿದ್ರ ಮಿರಜಿನ ದವಾಖಾನಿಗೆ ಒಯ್ರಿ, ತಡಾ ಮಾಡಬ್ಯಾಡ್ರಿ. ಬೆಳಕs ತಿಳಿಯದಿದ್ರ ಕೊಯ್ಸಿ ಉಪಯೋಗಿಲ್ಲ. ಸುಮ್ಮನ ಆ ತಾಯಿಗೆ ತ್ರಾಸ." ಬೆಳಕು ತಿಳಿಯುತ್ತದೋ ಇಲ್ಲವೋ ಮನೆಯಲ್ಲೇ ನೋಡಿ ಬನ್ನಿ ಎಂದರು.

ಶನಿವಾರ ಶಾಲೆ ಬಿಟ್ಟ ಮೇಲೆ ಹುಕ್ಕೇರಿಗೆ ಹೋದೆ. ಅಕ್ಕನ ಗಂಡ, ನಾನು ಮಾಮಾ ಎನ್ನುವವರು, ಆಗಲೇ ಪರೀಕ್ಷೆ ಮುಗಿಸಿದ್ದರು. ಓದು ಬಾರದವರು, ಹೊಲ ಬಿಟ್ಟರೆ ಸಂತೆ, ಸಂತೆ ಬಿಟ್ಟರೆ ಹೊಲ.

"ನಿನ್ನೆ ಕಂದೀಲ ಹಿಡದು ನೋಡೇನಿ" ಎಂದರು. "ಮುಂದ ತಂದ್ರ ಬಂತು ಅಂತಾಳ. ಹಿಂದಕ್ಕ ಒಯ್ದ್ರ ಹೋತು ಅಂತಾಳ. ಕಾಣತೈತಿ. ಮಿರಜಿಗೆ ಗಾಡಿ ಹೂಡೂಣು."

"ಮಾಮಾ, ಕಂದೀಲು ಬಿಸಿ ಇರತೈತಿ" ಎಂದೆ ನಾನು. "ಕೆನ್ನಿಗೆ ಝಳಾ ಹತ್ತತೈತಿ. ಎಣ್ಣಿ ವಾಸನಿ ಬ್ಯಾರೆ. ಕಣ್ಣಿಲ್ಲದವರೂ ಹೇಳಬಹುದು ದೀಪ ಬಂತು ಅಂತ."

ಮಾಮಾ ನನ್ನನ್ನು ನೋಡಿದರು. "ಅದೂ ಖರೆ ಬಿಡು" ಎಂದರು. ಅವರಿಗೆ ನನ್ನ ಓದಿನ ಮೇಲೆ ಮರ್ಯಾದೆ. ಅದು ಇರದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಝಳವಿಲ್ಲದ ಬೆಳಕು ನನ್ನಲ್ಲಿತ್ತು, ಬೆಣಚುಕಲ್ಲುಗಳನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದೆ. ಮರುದಿನ ಮಧ್ಯಾಹ್ನ ಅಕ್ಕನನ್ನು ಒಳಕೋಣೆಗೆ ಕರೆದುಕೊಂಡು ಹೋದೆವು. ಮಣ್ಣಿನ ಮಾಳಿಗೆಯ ಮನೆ. ಆ ಕೋಣೆಗೆ ಕಿಟಕಿ ಇಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ ಅಷ್ಟೇ. ಮಾಮಾ ಮೇಲೇರಿ ಅದರ ಮೇಲೆ ಗೋಣಿಚೀಲ ಹಾಸಿ ಬಂದರು. ಬಾಗಿಲು ಹಾಕಿ, ಕಣ್ಣು ಕತ್ತಲಿಗೆ ಒಗ್ಗಲೆಂದು ಸಾಕಷ್ಟು ಹೊತ್ತು ಸುಮ್ಮನೆ ಕೂತೆವು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ನಾನು ಅವಳ ಎದುರಿಗೆ, ಮಾಮಾ ಪಕ್ಕಕ್ಕೆ. ನನ್ನ ಮಡಿಲಲ್ಲಿ ಎರಡು ಜೊತೆ ಕಲ್ಲುಗಳಿದ್ದವು. ಒಂದು ಜೊತೆ ಬೆಣಚು, ಇನ್ನೊಂದು ಸಾದಾ ಕರಿಕಲ್ಲು. ಕರಿಕಲ್ಲು ಎಷ್ಟು ತಿಕ್ಕಿದರೂ ಬೆಳಗುವುದಿಲ್ಲ, ಸಪ್ಪಳ ಮಾತ್ರ ಒಂದೇ ಥರ. ಸಪ್ಪಳ ಕೇಳಿ ಹೌದೆಂದರೆ ಸಿಕ್ಕಿಬೀಳಬೇಕು. ಈ ಉಪಾಯ ಹೊಳೆದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಒಡಹುಟ್ಟಿದವಳ ಕಣ್ಣು ಪಣಕ್ಕಿರುವಾಗ ಬಂದ ಸಂತೋಷ ಅದು.

ಮೊದಲು ಬೆಣಚು ತಿಕ್ಕಿದೆ.

"ಎಲಾ ಇವನ!" ಎಂದು ಮಾಮಾ ಕೂಗಿಬಿಟ್ಟರು. "ಕಲ್ಲಿನಾಗ ಬೆಂಕಿ ಬಿತ್ತಲೋ!"

"ಮಾಮಾ, ನೀವ ಹಂಗ ಒದರಿದ್ರ ಅಕಿಗೆ ಗೊತ್ತಾಗತೈತ್ರಿ. ಮುಗಿಯೂತನಾ ಬಾಯಿ ಮುಚ್ಚಿ ಕುಂದರ್ರಿ. ಏನ ಕಂಡ್ರೂ ಮಾತಾಡಬ್ಯಾಡ್ರಿ."

"ಮಾಸ್ತರ ಹೊಡದಾನು, ಸುಮ್ಮ ಕುಂದರ್ರಿ" ಎಂದಳು ಅಕ್ಕ ನಗುತ್ತ.

ಹೊಸದಾಗಿ ಶುರು ಮಾಡಿದೆ. ಹತ್ತು ಸಲ, ಹಿಂದುಮುಂದಾಗಿ, ಒಮ್ಮೆ ಬೆಣಚು, ಒಮ್ಮೆ ಕರಿಕಲ್ಲು. ಪ್ರತಿ ಸಲ ಒಂದೇ ಪ್ರಶ್ನೆ: "ಕಾಣತೈತೇನಕ್ಕಾ?" ಪ್ರತಿ ಸಲ ಒಂದೇ ಉತ್ತರ: "ಹೂಂ, ಕಾಣತೈತಿ." ಏಳನೆಯ ಸಲಕ್ಕೆ, ಕೈಯಲ್ಲಿ ಕರಿಕಲ್ಲು ಇದ್ದಾಗ, "ಯಾವ ಬಣ್ಣ?" ಎಂದು ಕೇಳಿದೆ. "ಬೆಳ್ಳಗ ಐತಲ್ಲೋ" ಎಂದಳು. ಬೆಣಚಿನ ಬೆಳಕು ಎಂದಿಗೂ ಬೆಳ್ಳಗಿರುವುದಿಲ್ಲ.

ಬಾಗಿಲು ತೆಗೆದೆ. ಪಡಸಾಲೆಗೆ ಬಂದು, ಕಂಬಕ್ಕೆ ಒರಗಿ ಮೇಲಿನ ಆ ಸಾಲುಗಳನ್ನು ಬರೆದೆ. ಮಾಮಾ ಹತ್ತಿರ ನಿಂತಿದ್ದರು. ಅವರಿಗೆ ಮೆಲ್ಲಗೆ ಹೇಳಿದೆ: ಅಕ್ಕನಿಗೆ ಏನೂ ಕಾಣುವುದಿಲ್ಲ, ನಮಗೆ ಕೆಡುಕೆನಿಸಬಾರದೆಂದು ಹೌದು ಹೌದು ಅನ್ನುತ್ತಾಳೆ, ಮಿರಜಿಗೆ ಒಯ್ದು ನೋಯಿಸುವುದರಲ್ಲಿ ಅರ್ಥವಿಲ್ಲ. ಮಾಮಾ ಏನೋ ಅನ್ನಲು ಬಾಯಿ ತೆರೆದಂತಿತ್ತು. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೋ. ಅವರು ಅಂದದ್ದು ಇಷ್ಟೇ: "ನೀ ಕಲಿತಾಂವ." ಅಕ್ಕನಿಗೆ ಮಾತ್ರ ನಿಜ ಹೇಳುವ ಧೈರ್ಯ ಇರಲಿಲ್ಲ. ಸದ್ಯಕ್ಕೆ ಬೇಡವೆಂದು ಡಾಕ್ಟರು ಹೇಳಿದ್ದಾರೆ ಎಂದೆ. "ಹಂಗಾರ ಕಾಯೂಣು" ಎಂದಳು.

ಒಂದೂವರೆ ವರ್ಷ ಕಾದಳು. ಆ ದಿನಗಳ ಬಗ್ಗೆ ದಿನಚರಿಯಲ್ಲಿ ಹೆಚ್ಚು ಇಲ್ಲ. ಮಳೆ, ಪರೀಕ್ಷೆಯ ಕಾಗದಗಳು, ನನಗೆ ಬಂದ ಜ್ವರ. ಹುಕ್ಕೇರಿಗೆ ಹೋದದ್ದು ನಾಲ್ಕು ಸಲ. ಹೋದಾಗಲೆಲ್ಲ ಅವಳು ನನ್ನ ಸಪ್ಪಳ ಬಂದ ಕಡೆ ತಿರುಗುತ್ತಿದ್ದಳು ಎಂದು ಬರೆದುಕೊಂಡಿದ್ದೇನೆ. ಬಾಗಿಲ ಬೆಳಕಿನ ಕಡೆ ತಿರುಗುತ್ತಿದ್ದಳೋ ಏನೋ. ಹಾಗೆ ಯೋಚಿಸಿರಲಿಲ್ಲ.

ಒಂದು ಯುಗಾದಿಯ ಮುಂಚೆ ಆ ಕಣ್ಣು ಕೆಂಪಾಗಿ ತಲೆ ಸಿಡಿಯುವಂಥ ನೋವು ಶುರುವಾಯಿತು. ತಿಂದದ್ದೆಲ್ಲ ವಾಂತಿ. ಗೋಕಾಕದ ಡಾಕ್ಟರು ನೋವಿಗಾದರೂ ಮಿರಜಿಗೆ ಒಯ್ಯಲೇಬೇಕು ಎಂದರು. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳು ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಕೂತಿದ್ದಳು.

ಮಿರಜಿನ ಕಣ್ಣಿನ ಡಾಕ್ಟರು ಕೋಣೆಯ ಪರದೆ ಎಳೆದು, ಜೇಬಿನಿಂದ ಬ್ಯಾಟರಿ ದೀಪ ತೆಗೆದು, ದೂರ ನಿಂತು ಒಂದು ಮೂಲೆಯಿಂದ ಬೆಳಕು ಬಿಟ್ಟರು. "ಬಾಯಿ, ಬೆಳಕ ಎಲ್ಲಿಂದ ಬರಾಕತ್ತೈತಿ? ಬೊಟ್ಟ ಮಾಡಿ ತೋರಸ್ರಿ."

ಅಕ್ಕ ಬೊಟ್ಟು ಮಾಡಿದಳು. ಸರಿಯಾಗಿತ್ತು. ಎಡಕ್ಕೆ ಹೋದರು, ಸರಿಯಾಗಿ ತೋರಿಸಿದಳು. ಮೇಲೆ ಹಿಡಿದರು, ಸರಿ. ಬಲಕ್ಕೆ ಹೋದಾಗ ಮಾತ್ರ ತಡವರಿಸಿದಳು.

"ಈ ಕಣ್ಣಿಗೆ ಬೆಳಕ ತಿಳೀತೈತಲ್ರಿ" ಎಂದರು ಡಾಕ್ಟರು ನನ್ನ ಕಡೆ ತಿರುಗಿ. "ಇಷ್ಟ ದಿನಾ ಯಾಕ ಬಿಟ್ರಿ? ಪೊರೆ ಹಣ್ಣಾಗಿ ಬಾತು ಒಳಗಿನ ಒತ್ತಡ ಏರೇತಿ. ನರ ಅರ್ಧಾ ಹೋಗೇತಿ. ಹ್ವಾದ ವರ್ಷ ತಂದಿದ್ರ ಪೂರಾ ಕಣ್ಣ ಬರ್ತಿತ್ತು."

ನಾನು ಏನು ಹೇಳಿದೆನೋ ಬರೆದುಕೊಂಡಿಲ್ಲ. ಆ ಕ್ಷಣ ನನ್ನ ಕಣ್ಣು ಅವರ ಕೈಯಲ್ಲಿದ್ದ ಬ್ಯಾಟರಿಯ ಮೇಲಿತ್ತು. ಅದಕ್ಕೆ ಝಳ ಇಲ್ಲ, ಎಣ್ಣೆ ವಾಸನೆ ಇಲ್ಲ, ಸಪ್ಪಳವೂ ಇಲ್ಲ. ಅಂಥದ್ದು ಗೋಕಾಕದ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ನನಗೆ ಅದು ಹೊಳೆಯದೆ ಇದ್ದದ್ದಕ್ಕೆ ಕಾರಣ ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ಯಾರು ಬೇಕಾದರೂ ಕೊಳ್ಳಬಹುದಾದ್ದರಿಂದಲೇ ಹೊಳೆಯಲಿಲ್ಲ ಎಂದು ತೋರುತ್ತದೆ. ಬೆಣಚಿನ ಬೆಳಕು ಎಷ್ಟು ಮಂದವೆಂದರೆ ಒಳ್ಳೆಯ ಕಣ್ಣೂ ಕತ್ತಲಿಗೆ ಒಗ್ಗಿಕೊಂಡೇ ಅದನ್ನು ಕಾಣಬೇಕು. ಸುಣ್ಣದಂಥ ಪೊರೆಯ ಹಿಂದಿರುವ ಕಣ್ಣಿಗೆ ಅದು ಮುಟ್ಟುವುದು ಹೇಗೆ? ಇದನ್ನು ನನ್ನ ಕ್ಲಾಸಿನ ಹುಡುಗ ಕೇಳಿದ್ದರೂ ಉತ್ತರ ಕೊಡುತ್ತಿದ್ದೆ.

ಆದರೆ ಒಂದು ಮಾತು ತಿಳಿಯದೆ ಉಳಿಯಿತು. ಬೆಣಚು ಕಾಣದಿದ್ದರೆ ಹತ್ತು ಸಲವೂ ಹೌದೆಂದು ಯಾಕೆ ಅಂದಳು? ಶಸ್ತ್ರಕ್ರಿಯೆಯ ದಿನ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಮಾಮಾನನ್ನು ಕೇಳಿದೆ.

ಮಾಮಾ ಎಲೆ ಅಡಿಕೆ ಜಗಿಯುತ್ತಿದ್ದರು. "ಬೆಳಕಿಂಡಿ ಮ್ಯಾಲಿನ ಚೀಲ ಒಂದ ಮೂಲಿ ಎದ್ದಿತ್ತು" ಎಂದರು. "ನಿನ್ನ ಬೆನ್ನ ಹಿಂದ ಗ್ವಾಡಿ ಮ್ಯಾಲ, ಮ್ಯಾಗ ಮಾಳಿಗಿ ಹಂತ್ಯಾಕ, ಬಿಸಲಿನ ಗೆರಿ ಬಿದ್ದಿತ್ತು. ಬೆಳ್ಳಗ. ಅಕಿ ಅದನ್ನ ನೋಡಾಕತ್ತಿದ್ಲು."

"ನೀವ ಯಾಕ ಹೇಳಲಿಲ್ಲ ಮಾಮಾ?"

"ಬಾಯಿ ಮುಚ್ಚಿ ಕುಂದರ್ರಿ, ಏನ ಕಂಡ್ರೂ ಮಾತಾಡಬ್ಯಾಡ್ರಿ ಅಂದಿ. ಅದೂ ನಿನ್ನ ಪರೀಕ್ಷಾದಾಗಿಂದs ಇರಬೇಕು ಅಂದಕೊಂಡ್ನಿ."

"ಮುಗದ ಮ್ಯಾಲೆ?"

"ಮುಗದ ಮ್ಯಾಲೆ ನೀ ಬರಿಯಾಕತ್ತಿದ್ದಿ." ಅವರು ಪಕ್ಕಕ್ಕೆ ಉಗುಳಿದರು. "ಕಲಿತಾಂವ ಬರದದ್ದನ್ನ ನಾ ಹೆಂಗ ತಿದ್ದಲೋ?"

ಅಕ್ಕ ಹತ್ತು ಸಲವೂ ಸತ್ಯ ಹೇಳಿದ್ದಳು. ಬೆಳ್ಳಗಿದ್ದದ್ದನ್ನು ಬೆಳ್ಳಗೆ ಎಂದಿದ್ದಳು. ನಾನು ಕಾಣತೈತೇನು ಎಂದಷ್ಟೇ ಕೇಳಿದೆ, ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ದಿನಚರಿಯಲ್ಲಿ ಪೂರ್ಣ ಕತ್ತಲೆ ಎಂದಿದೆ. ನನ್ನ ನೆನಪಿನಲ್ಲೂ ಆ ಕೋಣೆ ಪೂರ್ಣ ಕತ್ತಲೆಯೇ. ಮಾಮಾನ ಮಾತು ಒಂದೇ ಇವೆರಡಕ್ಕೂ ಎದುರು ನಿಂತದ್ದು, ಮತ್ತು ಅದೇ ನಿಜ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತಲೆ ಅಲುಗಬಾರದೆಂದು ಎರಡು ಕಡೆ ಮರಳಿನ ಚೀಲ ಇಟ್ಟು ಅಕ್ಕನನ್ನು ಅಂಗಾತ ಮಲಗಿಸಿದ್ದರು. ಪಟ್ಟಿ ಬಿಚ್ಚುವ ದಿನದವರೆಗೆ ನಾನು ಮತ್ತು ಮಾಮಾ ಸರದಿಯಲ್ಲಿ ಹತ್ತಿರ ಕೂತೆವು. ಬಿಚ್ಚಿದ ಮೇಲೆ ದಪ್ಪ ಗಾಜಿನ ಚಷ್ಮಾ ಕೊಟ್ಟರು. ಎಡಬದಿಯ ಒಂದಿಷ್ಟು ಕಾಣುತ್ತಿತ್ತು. ನಡುವಿನಿಂದ ಬಲಕ್ಕೆ ಏನೂ ಇಲ್ಲ. ಅವಳು ಕೋಳಿಯಂತೆ ಕತ್ತು ಬಲಕ್ಕೆ ತಿರುಗಿಸಿ ನನ್ನ ಮುಖವನ್ನು ತುಂಡು ತುಂಡಾಗಿ ನೋಡಿದಳು. "ಅಯ್ಯ, ಮೀಸಿ ಹಣ್ಣಾಗ್ಯಾವಲ್ಲೋ! ಮೂಗ ಮಾತ್ರ ನಮ್ಮಪ್ಪಂದs" ಎಂದಳು.

ಹುಕ್ಕೇರಿಗೆ ಮರಳಿದ ಮೇಲೆ ಬಂದವರಿಗೆಲ್ಲ ಅವಳದು ಒಂದೇ ಮಾತು. "ನಮ್ಮ ತಮ್ಮ ಕಲಿತಾಂವ ಇದ್ದಾ, ಮಿರಜಿಗೆ ಒಯ್ದಾ, ಅದಕ್ಕ ಇಷ್ಟರೆ ಕಣ್ಣ ಬಂತು." ನೆರೆಯವರು ನನ್ನನ್ನು ಹೊಗಳುತ್ತಿದ್ದರು. ಮಾಮಾ ಎದ್ದು ಹೊರಗೆ ಹೋಗುತ್ತಿದ್ದರು. ಹೊಗಳಿಕೆ ಕೇಳಿ ಕೇಳಿ ನಾನು ದಣಿದೆ. ಶಾಲೆಯಲ್ಲಿ ಬೆಣಚುಕಲ್ಲಿನ ಪಾಠ ನಿಲ್ಲಿಸಿದೆ. ಹುಡುಗರು ಒಂದೆರಡು ವರ್ಷ ಕೇಳಿ ಸುಮ್ಮನಾದರು.

ಆಮೇಲಿನ ಒಂದು ದೀಪಾವಳಿ ರಜೆಯಲ್ಲಿ ಹುಕ್ಕೇರಿಗೆ ಹೋದಾಗ ಮಾಮಾ ಹೊಲಕ್ಕೆ ಹೋಗಿದ್ದರು. ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಡಾಕ್ಟರು ಬೇಡ ಅಂದಿರಲಿಲ್ಲ, ಬೇಡವೆಂದು ತೀರ್ಮಾನಿಸಿದವನು ನಾನು ಎಂದೆ. ಒಂದೂವರೆ ವರ್ಷದ ಲೆಕ್ಕವನ್ನೂ ಒಪ್ಪಿಸಿದೆ.

ಅವಳ ಬೆರಳುಗಳು ನಿಲ್ಲಲಿಲ್ಲ. "ಗೊತ್ತೈತಿ" ಎಂದಳು. "ಮಿರಜಿನಾಗ ಪಟ್ಟಿ ಕಟಗೊಂಡು ಮಲಗಿದ್ನಲ್ಲ, ಆವಾಗs ನಿಮ್ಮ ಮಾಮಾ ಹೇಳ್ಯಾರ. ಅತ್ತರು ಪಾಪ."

"ಮತ್ತ ಊರ ಮಂದಿ ಮುಂದ ನನ್ನಿಂದ ಕಣ್ಣ ಬಂತು ಅಂತ ಯಾಕ ಹೇಳತಿ?"

"ಹಂಗ ಹೇಳದಿದ್ರ ನೀ ಈ ಮನಿಗೆ ಬರೂದs ಬಿಡ್ತಿದ್ದಿ. ನಿನ್ನ ಸ್ವಭಾವ ನನಗ ತಿಳೀದೇನು?" ಒಂದು ಹರಳನ್ನು ಎತ್ತಿ ಅಂಗಳಕ್ಕೆ ಎಸೆದಳು. "ಸಿಟ್ಟ ಬಂದಿತ್ತು. ಬರಲಿಲ್ಲ ಅನ್ನೂದಿಲ್ಲ. ಎರಡ ದಿನಾ ನಿನ್ನ ಕೈಲಿ ನೀರ ಕುಡೀಲಿಲ್ಲ, ನೀ ಅದನ್ನೂ ಕಾಣಲಿಲ್ಲ."

ನನಗೆ ಆ ಎರಡು ದಿನಗಳ ನೆನಪಿಲ್ಲ. ಊರಿಗೆ ಬಂದು ದಿನಚರಿ ತೆಗೆದು ನೋಡಿದೆ, ಅಲ್ಲಿಯೂ ಇಲ್ಲ.

ಅವಳು ಮೊರವನ್ನು ನಮ್ಮಿಬ್ಬರ ನಡುವೆ ಸರಿಸಿದಳು. "ಸುಮ್ಮನ ಯಾಕ ಕುಂತಿ? ಈ ಬಲಕ್ಕಿನ ಕಾಳ ನೀ ಹಸನ ಮಾಡು. ನನಗ ಆ ಬಾಜೂ ಕಾಣೂದಿಲ್ಲ."

ನಾನು ಮೊರದಲ್ಲಿ ಅವಳ ಬಲಬದಿಗೆ ಬಾಗಿದೆ. ಮಾಮಾ ಹೊಲದಿಂದ ಬರುವವರೆಗೆ ಹಸನು ಮಾಡಿದೆವು. ನಾನು ಆರಿಸಿದ್ದರಲ್ಲೂ ಅವಳಿಗೆ ಮೂರು ಹರಳು ಸಿಕ್ಕವು.